ಅಜಾಯಬಖಾನೆಯೂ ಬೋಲಪಟವೂ

೧

ಹೊಸ ಪಟ್ಟಣವೊಂದನ್ನು ಸೇರಿದ ಮನುಷ್ಯನು ಮೊದಲು ವಿಚಾರಿಸುವದು ಮನೆ, ನೀರು, ದಿನಸಿಯ ಅಂಗಡಿ, ವೈದ್ಯ ಈ ನಾಲ್ಕನ್ನು. ಇವು ನೆಲೆಗೊಂಡ ಬಳಿಕ ಅವನ ಮನಸ್ಸು ಬೇರೊಂದನ್ನು ಬೇಡತೊಡಗುವದು: ಈ ಊರಲ್ಲಿ ನೋಡತಕ್ಕದ್ದು ಏನಿದೆ? ಆಗ ನೆರೆಯವರು ಎರಡು ದಾರಿಗಳನ್ನು ತೋರಿಸುತ್ತಾರೆ. ಒಂದು ವಸ್ತುಸಂಗ್ರಹಾಲಯದ ದಾರಿ; ಇನ್ನೊಂದು ಚಿತ್ರಪಟ ತೋರಿಸುವ ಮಂದಿರದ ದಾರಿ. ಈ ಎರಡು ಮನೆಗಳಿಗೂ ನಾವು ಹೋಗಿ ಬರುತ್ತೇವೆ. ಆದರೆ ಅವು ನಮಗೆ ತೋರಿಸಿದ ಬಗೆ ಸರಿಯೋ ತಪ್ಪೋ ಎಂದು ವಿಚಾರ ಮಾಡುವವರು ವಿರಳ. ಒಂದು ಕಾವ್ಯವನ್ನೋದಿದರೆ ಅದರ ಗುಣದೋಷಗಳನ್ನು ತೂಗಿ ನೋಡುವ ನಾವು ತೋರಿಸುವ ಮನೆಗಳನ್ನು ಮಾತ್ರ ವಿಮರ್ಶೆಯ ಹೊರಗೆ ಬಿಟ್ಟಿದ್ದೇವೆ. ತೋರಿಸುವದೂ ಒಂದು ರಚನೆಯೇ ಅಲ್ಲವೆ? ಯಾವದನ್ನು ಮುಂದೆ ಇಡಬೇಕು, ಯಾವದನ್ನು ಹಿಂದೆ ಸರಿಸಬೇಕು, ಎಷ್ಟು ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ಆಯ್ಕೆಗಳು ಕವಿಗೆ ಇರುವಂತೆಯೇ ಪ್ರದರ್ಶಕನಿಗೂ ಇರುತ್ತವೆ. ಆದಕಾರಣ ಈ ಎರಡು ಮನೆಗಳನ್ನು ಎದುರುಬದುರಾಗಿ ಇಟ್ಟು, ಪ್ರತಿಯೊಂದೂ ನಮಗೆ ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂಬದನ್ನು ವಿಚಾರಿಸುವ ಸಾಹಸವನ್ನು ಇಲ್ಲಿ ಮಾಡಿದ್ದೇನೆ. ವಾಚಕರು ಸಾವಧಾನದಿಂದ ನೋಡಬೇಕೆಂದು ಬಿನ್ನಹ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಜನರಿಗೆ ‘ಹೊಸ ಪಟ್ಟಣ’ವೆಂಬದು ಎಲ್ಲ ಕಾಲಕ್ಕೂ ಒಂದೇ ಆಗಿ ಉಳಿದಿಲ್ಲ. ೧೯೪೮ರ ವರೆಗೆ ನಾವು ನಿಜಾಮರ ಸೀಮೆಯವರು. ಆಮೇಲೆಯೂ ೧೯೫೬ನೆಯ ನವಂಬರ ೧ರ ವರೆಗೆ ಹೈದರಾಬಾದ ರಾಜ್ಯದವರೇ. ಕಚೇರಿಯ ಕೆಲಸವಿರಲಿ, ಮೇಲಿನ ಓದಿರಲಿ, ದೊಡ್ಡ ರೋಗವಿರಲಿ, ದಾರಿ ಹೈದರಾಬಾದಿಗೆ. ಆ ದಿನ ಮೈಸೂರು ರಾಜ್ಯವನ್ನು ಸೇರಿದ ಮೇಲೆ ದಾರಿಯು ಬೆಂಗಳೂರಿನ ಕಡೆಗೆ ತಿರುಗಿತು. ವ್ಯಾಪಾರಕ್ಕೂ ವಿನೋದಕ್ಕೂ ಸಮೀಪದ ಪೇಟೆಯೆಂದು ಸೊಲ್ಲಾಪುರವು ಇದ್ದೇ ಇತ್ತು. ಹೀಗಾಗಿ ತಂದೆಯ ಹೊಸ ಪಟ್ಟಣ ಒಂದು, ಮಗನದು ಇನ್ನೊಂದು. ಬಾಲ್ಯದಲ್ಲಿ ತಂದೆಯವರ ಕೈ ಹಿಡಿದು ನೋಡಿದ ಹೈದರಾಬಾದನ್ನೂ, ಈಗ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದು ಮೊಮ್ಮಗಳ ಕೈ ಹಿಡಿದು ನೋಡಿದ ಬೆಂಗಳೂರನ್ನೂ ನಾನು ಬಲ್ಲೆನಾದುದರಿಂದ, ಎರಡನ್ನೂ ಹೋಲಿಸಿ ನೋಡುವ ಸಂದರ್ಭವು ಒದಗಿತು.

ನಮ್ಮ ಹಿರಿಯರು ವಸ್ತುಸಂಗ್ರಹಾಲಯವನ್ನು ‘ಅಜಾಯಬಖಾನೆ’ ಎನ್ನುತ್ತಿದ್ದರು. ಅಜಬು ಎಂದರೆ ಅಚ್ಚರಿ. ಅಚ್ಚರಿಗಳನ್ನು ಕೂಡಿಟ್ಟ ಮನೆ ಅಜಾಯಬಖಾನೆ. ಮಾತಾಡುವ ಚಿತ್ರಪಟವನ್ನು ‘ಬೋಲಪಟ’ ಎಂದು ಕರೆಯುತ್ತಿದ್ದರು. ಮೊದಲನೆಯ ಮಾತು ಮೂಡಲಿನ ಹೈದರಾಬಾದಿನಿಂದ, ಉರ್ದುವಿನ ಬಾಯಿಂದ ಬಂದದ್ದು. ಎರಡನೆಯದು ಪಡುವಲಿನ ಸೊಲ್ಲಾಪುರದಿಂದ, ಮರಾಠಿಯ ಬಾಯಿಂದ ಬಂದದ್ದು. ಈ ಎರಡು ಹೆಸರುಗಳಲ್ಲಿ ಎರಡು ತೀರ್ಪುಗಳು ಅಡಗಿವೆಯೆಂದು ನನಗೆ ತೋರುತ್ತದೆ. ಒಂದು ಮನೆಯ ಗುಣ ಅಚ್ಚರಿ. ಇನ್ನೊಂದರ ಗುಣ ಮಾತು. ಹಾಗಾದರೆ ನಾವು ಕೇಳತಕ್ಕ ಪ್ರಶ್ನೆಗಳೂ ಎರಡೇ. ಅಚ್ಚರಿಯ ಮನೆಯು ಮಾತಾಡುವದೇ? ಮಾತಾಡುವ ಪಟವು ಬಾಳುವದೇ?

೨

ಮೊದಲು ಹೈದರಾಬಾದಿನ ಸಾಲಾರಜಂಗ ಸಂಗ್ರಹಾಲಯವನ್ನು ತೆಗೆದುಕೊಳ್ಳೋಣ. ನಿಜಾಮರ ದಿವಾನಗಿರಿಯನ್ನು ಮಾಡಿದ ಮನೆತನದ ಮೀರ್ ಯೂಸುಫ್ ಅಲಿ ಖಾನರು, ಅಂದರೆ ಮೂರನೆಯ ಸಾಲಾರಜಂಗರು, ತಮ್ಮ ಬಾಳೆಲ್ಲ ಅಪೂರ್ವ ವಸ್ತುಗಳನ್ನು ಕೊಂಡು ಕೂಡಿಟ್ಟು ೧೯೪೯ರಲ್ಲಿ ತೀರಿಕೊಂಡರು. ೧೯೫೧ನೆಯ ದಶಂಬರದಲ್ಲಿ ಅವರ ದಿವಾನ್ ದೇವಡಿಯಲ್ಲಿಯೇ ಪಂಡಿತ ಜವಾಹರಲಾಲ ನೆಹರೂ ಅವರು ಈ ಸಂಗ್ರಹವನ್ನು ಸಾರ್ವಜನಿಕರಿಗೆ ತೆರೆದರು. ೧೯೬೮ರಲ್ಲಿ ಅದು ಮೂಸಿ ನದಿಯ ದಂಡೆಯ ಹೊಸ ಕಟ್ಟಡಕ್ಕೆ ಬಂದಿತು. ನಾನು ನೋಡಿದ್ದು ಆ ಹೊಸ ಕಟ್ಟಡದಲ್ಲಿ. ದಂತದ ಕುರ್ಚಿಗಳು, ಚೀನದ ಪಿಂಗಾಣಿ, ಪಾರಸಿ ಹಸ್ತಪ್ರತಿಗಳು, ಕತ್ತಿ ಕಠಾರಿಗಳು ಒಂದರ ಮೇಲೊಂದು ಕಣ್ಣಿಗೆ ಬಿದ್ದು, ಹುಡುಗನಾದ ನನಗೆ ಜಾತ್ರೆಯಲ್ಲಿ ತಿರುಗಿದಂತೆ ಆಯಿತು.

ಅಲ್ಲಿ ಎಲ್ಲರೂ ನಿಂತು ನೋಡುವದು ಮುಸುಕು ಹೊದ್ದ ರೆಬೆಕಾಳ ವಿಗ್ರಹವನ್ನು. ಇಟಲಿಯ ಶಿಲ್ಪಿಯಾದ ಬೆಂಜೋನಿಯು ಕೆತ್ತಿದ ಇದನ್ನು ಮೊದಲನೆಯ ಸಾಲಾರಜಂಗರು ೧೮೭೬ರಲ್ಲಿ ರೋಮ್ ಪಟ್ಟಣದಿಂದ ತಂದರು. ಅಮೃತಶಿಲೆಯ ಮುಖದ ಮೇಲೆ ಅಮೃತಶಿಲೆಯದೇ ಮುಸುಕು. ಆದರೆ ಒಳಗಿನ ಕಣ್ಣು ಮೂಗುಗಳು ತೆಳ್ಳನೆಯ ಮಲಮಲದೊಳಗಿಂದ ಕಂಡಂತೆ ಕಾಣುವವು. ನನ್ನ ತಂದೆಯವರು ಬಹಳ ಹೊತ್ತು ನಿಂತು, “ಕಲ್ಲೇನ, ಅರಿವೇನ!” ಎಂದು ಉದ್ಗಾರ ತೆಗೆದರು. ಅವಳು ಯಾರೆಂದು ನಾನು ಕೇಳಿದೆ. “ಯಾವಳೋ ರಾಣಿ ಇರಬೇಕು” ಎಂದರು. ಅಲ್ಲಿಗೆ ಮಾತು ಮುಗಿಯಿತು.

ರೆಬೆಕಾ ಯಾರೆಂಬದು ನನಗೆ ತಿಳಿದದ್ದು ಹಲವು ವರ್ಷಗಳ ಮೇಲೆ, ಬೈಬಲಿನ ಹಳೆಯ ಒಡಂಬಡಿಕೆಯನ್ನು ಓದಿದಾಗ. ದೂರದ ಊರಿಂದ ಒಂಟೆಯೇರಿ ಬರುತ್ತಿದ್ದ ಮದುಮಗಳು ಅವಳು. ಹೊಲದಲ್ಲಿ ಎದುರು ಬರುವ ಮನುಷ್ಯನೇ ತನ್ನನ್ನು ಮದುವೆಯಾಗತಕ್ಕ ಐಸಾಕನೆಂದು ತಿಳಿದ ಕೂಡಲೆ ಕೆಳಗಿಳಿದು ಮುಸುಕು ಎಳೆದುಕೊಂಡಳು. ಶಿಲ್ಪಿಯು ಕಲ್ಲಿನಲ್ಲಿ ಹಿಡಿದದ್ದು ಆ ಮುಸುಕನ್ನು. ಈ ಕಥೆಯನ್ನು ಯಾರಾದರೂ ಅಂದು ಎರಡು ಮಾತಿನಲ್ಲಿ ಹೇಳಿದ್ದರೆ ನನ್ನ ತಂದೆಯವರಿಗೆ ಅವಳು ಯಾವಳೋ ರಾಣಿಯಾಗಿ ಉಳಿಯುತ್ತಿರಲಿಲ್ಲ. ಸೆರಗನ್ನು ಮುಖದ ಮೇಲೆ ಜಗ್ಗಿಕೊಂಡು, ಕಾಣದ ಊರಿನ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದೆಯುವ ನಮ್ಮ ಕಡೆಯ ಮದುಮಗಳೇ ಆಗಿಬಿಡುತ್ತಿದ್ದಳು. ಕಥೆಯಿಲ್ಲದಾಗ ನಮಗೆ ಕಂಡದ್ದು ಕೌಶಲ. ಕಥೆಯಿದ್ದರೆ ಕಾಣುತ್ತಿದ್ದದ್ದು ಒಬ್ಬ ಹೆಣ್ಣುಮಗಳು. ಅಚ್ಚರಿ ಸಣ್ಣದೆಂದು ನಾನು ಹೇಳುವದಿಲ್ಲ. ಅದು ಬಾಗಿಲು. ಆದರೆ ಬಾಗಿಲಲ್ಲಿಯೇ ನಿಂತು ತಿರುಗಿ ಬಂದವನು ಮನೆಯನ್ನು ಕಂಡಂತಾಗಲಿಲ್ಲ.

ಅದೇ ಸಂಗ್ರಹಾಲಯದಲ್ಲಿ ಇನ್ನೊಂದು ನೋಟವಿದೆ. ಅದನ್ನು ನಾನು ಇಂದಿಗೂ ಮರೆತಿಲ್ಲ. ಕಲಕತ್ತೆಯ ಕುಕ್ ಮತ್ತು ಕೆಲ್ವಿ ಎಂಬ ವ್ಯಾಪಾರಿಗಳ ಹೆಸರು ಹೊತ್ತ ಒಂದು ದೊಡ್ಡ ಗಡಿಯಾರ. ತಾಸು ತುಂಬುವ ಸಮಯಕ್ಕೆ ಅದರೊಳಗಿಂದ ಒಂದು ಸಣ್ಣ ಗೊಂಬೆ ಹೊರಗೆ ಬಂದು, ತಾಸಿನ ಲೆಕ್ಕಕ್ಕೆ ಸರಿಯಾಗಿ ಗಂಟೆ ಬಾರಿಸಿ, ಒಳಗೆ ಹೋಗುವದು. ಎಲ್ಲ ಕೋಣೆಗಳಲ್ಲಿ ಚದರಿದ ಜನರು ಆ ಹೊತ್ತಿಗೆ ಓಡಿಬಂದು ಗಡಿಯಾರದ ಮುಂದೆ ಕೂಡುವರು. ಗೊಂಬೆ ಒಳಗೆ ಹೋದ ಕೂಡಲೆ ಮತ್ತೆ ಚದರುವರು. ಸಾವಿರಾರು ಅಮೂಲ್ಯ ವಸ್ತುಗಳನ್ನು ಬಿಟ್ಟು ಒಂದು ಆಟಿಗೆಗಾಗಿ ಓಡುವದೆಂದರೆ ಜನರ ರುಚಿ ಎಷ್ಟು ಹಗುರ ಎಂದು ಪಂಡಿತರು ನಗಬಹುದು. ನಾನು ನಗಲಾರೆ. ಕದಲದ ವಸ್ತುಗಳ ನಡುವೆ ಒಂದು ಕದಲಿತು, ಸುಮ್ಮನಿರುವವುಗಳ ನಡುವೆ ಒಂದು ದನಿ ಮಾಡಿತು. ಜನರು ಅತ್ತ ಹೋದರು. ಮನುಷ್ಯನಿಗೆ ವಸ್ತುವಷ್ಟೇ ಸಾಲದು, ವಸ್ತುವಿನ ನಡೆ ಬೇಕು. ಆ ಗಡಿಯಾರದ ಮುಂದೆ ನೆರೆದ ಗುಂಪನ್ನು ನೆನೆದಾಗಲೆಲ್ಲ, ಅಜಾಯಬಖಾನೆಯೊಳಗೆ ಒಂದು ಬೋಲಪಟವೇ ನಡೆದಿತ್ತು ಎಂದು ನನಗೆ ಅನಿಸುವದು.

೩

ಇನ್ನು ಬೆಂಗಳೂರಿಗೆ ಬರೋಣ. ಅಲ್ಲಿಯ ಸರಕಾರಿ ವಸ್ತುಸಂಗ್ರಹಾಲಯವು ೧೮೬೫ರಲ್ಲಿ ಹುಟ್ಟಿದ್ದು. ನಮ್ಮ ದೇಶದ ಹಳೆಯ ಸಂಗ್ರಹಾಲಯಗಳಲ್ಲಿ ಒಂದು. ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಅದರ ಕೆಂಪು ಕಟ್ಟಡವು ೧೮೭೭ರದು. ಅಲ್ಲಿ ಆತಕೂರಿನ ಕಲ್ಲು ಇದೆ. ಮೊಮ್ಮಗಳೊಡನೆ ಅದರ ಮುಂದೆ ನಿಂತಾಗ ಅವಳು, “ಮುತ್ಯಾ, ನಾಯಿಗ್ಯಾಕ ಕಲ್ಲು ನಿಲ್ಲಿಸ್ಯಾರ?” ಎಂದು ಕೇಳಿದಳು. ಮಗುವಿನ ಪ್ರಶ್ನೆಯೇ ಸರಿಯಾದ ಪ್ರಶ್ನೆಯಾಗಿತ್ತು. ಕಲ್ಲಿನ ಮೇಲೆ ಒಂದು ನಾಯಿಯೂ ಒಂದು ಹಂದಿಯೂ ಸೆಣಸುತ್ತಿವೆ.

ಅದರ ಕಥೆ ಇದು. ಕ್ರಿಸ್ತಶಕ ೯೪೯ರ ಸುಮಾರಿಗೆ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಚೋಳರನ್ನು ಸೋಲಿಸಿದನು. ಅವನ ಪಕ್ಷದಲ್ಲಿ ಕಾದಿದ ಗಂಗರ ಬೂತುಗನ ಕಡೆಯ ವೀರನು ಮಣಲರ. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗನು ಬೇಕಾದುದನ್ನು ಬೇಡಿಕೊಳ್ಳೆಂದಾಗ, ಮಣಲರನು ಹೊನ್ನನ್ನು ಬೇಡಲಿಲ್ಲ. ದೊರೆಯ ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿದನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಾಡಿ, ಎರಡೂ ಸತ್ತವು. ಒಡೆಯನು ಅದಕ್ಕಾಗಿ ಆತಕೂರಿನ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟನು. ಅಷ್ಟೇ ಅಲ್ಲ, ಆ ಭೂಮಿಯನ್ನುಣ್ಣುವ ಗೊರವನು ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಪಾಪಕ್ಕೆ ಗುರಿಯಾಗುವನೆಂದೂ ಶಾಸನವು ಕಟ್ಟುಮಾಡಿದೆ.

ಈ ಶಾಸನದಲ್ಲಿ ಕನ್ನರದೇವನೆಂದು ಹೆಸರಿಸಲ್ಪಟ್ಟಿರುವ ಮೂರನೆಯ ಕೃಷ್ಣನ ರಾಜಧಾನಿ ಮಾನ್ಯಖೇಟ. ಅದು ನಮ್ಮ ಜಿಲ್ಲೆಯ ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡ. ಆ ಕಾಗಿಣೆಯು ಬಂದು ಕೂಡುವದು ನಮ್ಮ ಭೀಮೆಯನ್ನು. ಭೀಮೆಯ ನೀರು ಕುಡಿದು ಬೆಳೆದ ನಾನು ಮುನ್ನೂರೈವತ್ತು ಮೈಲು ದೂರದ ಹೊಸ ಪಟ್ಟಣಕ್ಕೆ ಹೋಗಿ, ಅಲ್ಲಿ ನನ್ನ ನೆರೆಯ ದೊರೆಯ ಹೆಸರನ್ನು ಒಂದು ನಾಯಿಯ ಕಲ್ಲಿನ ಮೇಲೆ ಕಂಡೆ. ಅಪರಿಚಿತರ ಸಭೆಯಲ್ಲಿ ಬಂಧುವೊಬ್ಬನು ಎದ್ದು ನಿಂತು ಹೆಸರು ಹಿಡಿದು ಕರೆದಂತಾಯಿತು. ಅಜಾಯಬಖಾನೆಯು ನಮಗೆ ಮಾಡುವ ದೊಡ್ಡ ಉಪಕಾರವು ಇದೇ. ಊರಲ್ಲಿ ಕುಳಿತಿದ್ದರೆ ಮಳಖೇಡವು ನನಗೆ ಬಿದ್ದ ಕೋಟೆಯಷ್ಟೇ ಆಗಿತ್ತು. ಅದರ ಆಳಿಕೆಯ ಕೈ ಮದ್ದೂರಿನ ಸೀಮೆಯ ಹಳ್ಳಿಯ ವರೆಗೆ, ಅಲ್ಲಿಯ ಒಂದು ನಾಯಿಯ ಸಾವಿನ ವರೆಗೆ ಚಾಚಿತ್ತೆಂಬದನ್ನು ಕಲ್ಲು ಪಟ್ಟಣಕ್ಕೆ ಬಂದುದರಿಂದಲೇ ನಾನು ತಿಳಿದೆ.

ಆದರೆ ಅದೇ ಕಲ್ಲು ಇನ್ನೊಂದು ಮಾತನ್ನೂ ನನ್ನ ಮುಂದೆ ಇಟ್ಟಿತು. ಪೂಜಿಸದೆ ಉಣ್ಣಬಾರದೆಂದು ಕಟ್ಟು ಮಾಡಿದ ಕಲ್ಲಿನ ಮುಂದೆ ನಾವು ಬುತ್ತಿ ಕಟ್ಟಿಕೊಂಡು ಬಂದವರು, ಒಂದು ಗಳಿಗೆ ನಿಂತು, ಮುಂದಿನ ಕೋಣೆಗೆ ನಡೆದೆವು. ಗೊರವನಿಲ್ಲ, ಭೂಮಿಯಿಲ್ಲ, ದೇಗುಲವಿಲ್ಲ, ಸುತ್ತಿನ ಬೇಟೆಯ ಕಾಡಿಲ್ಲ. ಅಕ್ಷರಗಳು ಉಳಿದಿವೆ, ಅಕ್ಷರಗಳು ಬೇಡಿದ ನಡೆ ಉಳಿದಿಲ್ಲ. ಇದು ಯಾವದೊಂದು ಸಂಗ್ರಹಾಲಯದ ದೋಷವಲ್ಲ. ಸಂಗ್ರಹಾಲಯವೆಂಬ ಪದ್ಧತಿಯ ಮೂಲದಲ್ಲಿಯೇ ಇರುವ ಕೊರತೆ. ಅದು ವಸ್ತುವನ್ನು ಕಾಯುವದು. ಕಾಯುವದಕ್ಕಾಗಿ ಅದನ್ನು ಅದರ ನಡೆಯಿಂದ ಬಿಡಿಸುವದು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಬಟ್ಟಲಲ್ಲಿ ಯಾರೂ ಹಾಲು ಕುಡಿಯುವದಿಲ್ಲ. ಗೋಡೆಗೆ ತೂಗಿದ ಕತ್ತಿಯಿಂದ ಯಾರೂ ಕಾದುವದಿಲ್ಲ. ಈ ಕೊರತೆಯನ್ನು ಪೂರ್ತಿ ನೀಗುವದು ಅಸಾಧ್ಯ. ಆದರೆ ಮಾತಿನಿಂದ ಅದನ್ನು ಒಂದಿಷ್ಟು ತುಂಬಬಹುದು. ಕಾಲ, ರಾಜವಂಶ, ಶಿಲೆಯ ಜಾತಿ ಇಷ್ಟನ್ನೇ ಬರೆದ ಚೀಟಿಯು ಮನುಷ್ಯನ ಹೆಸರು, ವಯಸ್ಸು, ತೂಕಗಳನ್ನು ಹೇಳಿ ಅವನ ಪರಿಚಯವಾಯಿತೆಂದು ಹೇಳಿದಂತೆ. ‘ನಾಯಿಗ್ಯಾಕ ಕಲ್ಲು’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಚೀಟಿಯೇ ಚೀಟಿ.

೪

ಈಗ ಎರಡನೆಯ ಮನೆ. ಚಿತ್ರಪಟವನ್ನು ನಾವು ಬಲ್ಲದ್ದು ಮೊದಲು ಡೇರೆಯಲ್ಲಿ. ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಲ್ಲಿ ಡೇರೆ ಏಳುವದು. ಮುಂದೆ ನೆಲ, ಹಿಂದೆ ಬಾಕು. ರೀಲು ಬದಲಿಸುವಾಗ ಶೇಂಗಾ ಮಾರುವವನ ಕೂಗು. ಅಲ್ಲಿ ನೋಡುವದೆಂದರೆ ಕೂಗುವದು, ಸಿಳ್ಳು ಹಾಕುವದು, ದೇವರು ಬಂದಾಗ ಕೈ ಮುಗಿಯುವದು. ಬೆಂಗಳೂರಿನಲ್ಲಿ ನಾನು ಕಂಡದ್ದು ಬೇರೊಂದು ಬಗೆ. ಆ ಪಟ್ಟಣದಲ್ಲಿ ಚಿತ್ರಸಮಾಜಗಳೆಂಬ ಕೂಟಗಳಿವೆ. ೧೯೭೧ರಲ್ಲಿ ಮೊದಲಾದ ‘ಸುಚಿತ್ರ’ವು ಅವುಗಳಲ್ಲಿ ಹೆಸರಾದದ್ದು. ಇಂಥ ಕೂಟಗಳಲ್ಲಿ ಲಾಭಕ್ಕಲ್ಲದೆ ಅಭ್ಯಾಸಕ್ಕಾಗಿ ಚಿತ್ರಪಟಗಳನ್ನು ತೋರಿಸುವರು. ಮುಗಿದ ಮೇಲೆ ದೀಪ ಹೊತ್ತಿಸಿ ಮಾತಿಗೆ ಕೂಡುವರು.

ಅಂಥದೊಂದು ಕೂಟದಲ್ಲಿ ನಾನು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ನೋಡಿದೆ. ಅನಂತಮೂರ್ತಿಯವರ ಕಥೆಯನ್ನಾಧರಿಸಿ ೧೯೭೭ರಲ್ಲಿ ತೆಗೆದ ಕಪ್ಪು ಬಿಳುಪಿನ ಪಟವದು. ಆ ವರುಷದ ರಾಷ್ಟ್ರೀಯ ಸ್ವರ್ಣಕಮಲ ಅದಕ್ಕೆ ದೊರೆಯಿತು. ಮಲೆನಾಡಿನ ಒಂದು ವೇದಪಾಠಶಾಲೆ. ಅಲ್ಲಿಗೆ ಬಂದ ನಾಣಿ ಎಂಬ ಬಾಲಕ. ಗುರುಗಳ ಮಗಳಾದ ಎಳೆಯ ವಿಧವೆ ಯಮುನಾ. ಅವಳು ಗರ್ಭಿಣಿಯಾದುದು ಬಯಲಾದಾಗ ತಂದೆಯೇ ಬದುಕಿರುವ ಮಗಳಿಗೆ ಸತ್ತವರ ಕರ್ಮವನ್ನು ಮಾಡಿ, ಕುಲದಿಂದ ಹೊರಗಿಡುತ್ತಾನೆ. ಕಡೆಯಲ್ಲಿ ತಲೆ ಬೋಳಿಸಿಕೊಂಡು ಮರದಡಿಯಲ್ಲಿ ಒಬ್ಬಳೇ ಕುಳಿತ ಅವಳನ್ನು ಊರಿಂದ ಹೋಗುತ್ತಿರುವ ಬಾಲಕನು ನೋಡುತ್ತಾನೆ.

ಈ ಪಟದ ಹಿರಿಮೆ ಕಥೆಯಲ್ಲಿ ಮಾತ್ರ ಇಲ್ಲ. ಯಾರ ಕಣ್ಣಿಂದ ತೋರಿಸಬೇಕೆಂಬ ನಿರ್ಣಯದಲ್ಲಿದೆ. ಎಲ್ಲವನ್ನೂ ಆ ಹುಡುಗನ ಎತ್ತರದಿಂದ ತೋರಿಸಿದ್ದಾರೆ. ದೊಡ್ಡವರು ಪಿಸುಗುಡುವ ಮಾತು ಅವನಿಗೆ ಅರ್ಧ ತಿಳಿಯುವದು, ಅರ್ಧ ತಿಳಿಯದು. ಆ ತಿಳಿಯದ ಅರ್ಧದ ಭಯವು ನೋಡುವವರ ಎದೆಯಲ್ಲಿ ಕೂಡುವದು. ಆತಕೂರಿನ ಕಲ್ಲಿನ ಮುಂದೆ ಯಾವದು ಕಾಣೆಯಾಗಿತ್ತೋ ಅದು ಇಲ್ಲಿ ಇದೆ. ಕರ್ಮ ನಡೆಯುವದನ್ನೇ ಕಾಣುತ್ತೇವೆ. ಮಂತ್ರದ ದನಿಯನ್ನೇ ಕೇಳುತ್ತೇವೆ. ಕೈಗಳು ಹೇಗೆ ಆಡಿದವು, ಯಾರು ಮುಖ ತಿರುಗಿಸಿದರು ಎಂಬದೂ ತಿಳಿಯುವದು. ಆ ಘಟವನ್ನೊಂದು ಸಂಗ್ರಹಾಲಯದಲ್ಲಿಟ್ಟು ‘ಮಣ್ಣಿನ ಮಡಕೆ, ಶ್ರಾದ್ಧಕ್ಕೆ ಉಪಯೋಗಿಸಿದ್ದು’ ಎಂದು ಬರೆದಿದ್ದರೆ ನಮಗೆ ಏನು ತಿಳಿಯುತ್ತಿತ್ತು? ದೀಪ ಹೊತ್ತಿಸಿದ ಮೇಲೆ ಹಲವರು ಮಾತಾಡಿದರು. ಛಾಯೆಯ ಗುಣ, ಸಂಗೀತದ ಮಿತ ಇವೆಲ್ಲ ಬಂದವು. ಕಡೆಗೆ ಹಿಂದಿನ ಸಾಲಿನ ವೃದ್ಧೆಯೊಬ್ಬರು ಎದ್ದು, “ನಮ್ಮ ಮನೆಯಲ್ಲೂ ಒಬ್ಬ ಸೋದರತ್ತೆ ಇದ್ದರು” ಎಂದಷ್ಟೇ ಹೇಳಿ ಕುಳಿತರು. ಅದಕ್ಕಿಂತ ದೊಡ್ಡ ವಿಮರ್ಶೆಯನ್ನು ಆ ಸಂಜೆ ಯಾರೂ ಮಾಡಲಿಲ್ಲ. ಬೋಲಪಟವು ತಾನು ಮಾತಾಡುವದಷ್ಟೇ ಅಲ್ಲ, ಸುಮ್ಮನಿದ್ದವರನ್ನು ಮಾತಾಡಿಸುವದು ಎಂಬದಕ್ಕೆ ಇದು ಸಾಕ್ಷಿ.

ಹಾಗಾದರೆ ಚಿತ್ರಪಟವೇ ಮೇಲೆನ್ನಬಹುದೆ? ಆತುರಪಡಬಾರದು. ಕನ್ನಡದ ಮೊದಲನೆಯ ಬೋಲಪಟ ‘ಸತಿ ಸುಲೋಚನಾ’. ವೈ. ವಿ. ರಾವ್ ಅವರ ನಿರ್ದೇಶನದಲ್ಲಿ ಕೊಲ್ಹಾಪುರದಲ್ಲಿ ಚಿತ್ರಿತವಾಗಿ, ೧೯೩೪ನೆಯ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ತೆರೆಗೆ ಬಂದಿತು. ಸುಬ್ಬಯ್ಯ ನಾಯ್ಡು ಅವರು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬಾ ಅವರು ಸುಲೋಚನೆ. ಕನ್ನಡವು ತೆರೆಯ ಮೇಲೆ ಬಾಯಿ ಬಿಟ್ಟ ಆ ಪಟದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆ ಕಾಲದ ಫಿಲ್ಮು ನೈಟ್ರೇಟೆಂಬ ದ್ರವ್ಯದ ಮೇಲೆ ಆದದ್ದು. ಬೇಗ ಬೆಂಕಿ ಹಿಡಿಯುವಂಥದು, ಇಟ್ಟಲ್ಲಿಯೇ ಕೊಳೆತು ಪುಡಿಯಾಗುವಂಥದು. ಮಾರಾಟ ಮುಗಿದ ಪಟವನ್ನು ಕಾದಿಡಬೇಕೆಂಬ ಬುದ್ಧಿಯೂ ಆಗ ಯಾರಿಗೂ ಇರಲಿಲ್ಲ. ದೇಶದ ಚಲಚ್ಚಿತ್ರ ಭಾಂಡಾರವು ಪುಣೆಯಲ್ಲಿ ನೆಲೆಗೊಂಡದ್ದು ೧೯೬೪ರಲ್ಲಿ, ಅಂದರೆ ಮೂವತ್ತು ವರುಷ ತಡವಾಗಿ. ಸಾವಿರ ವರುಷದ ಹಿಂದೆ ಸತ್ತ ನಾಯಿಯ ರೂಪ ನಮಗೆ ಇದೆ. ತೊಂಬತ್ತು ವರುಷದ ಹಿಂದಿನ ಸುಲೋಚನೆಯ ದನಿ ನಮಗಿಲ್ಲ.

ಇಲ್ಲಿ ಎರಡು ಮನೆಗಳ ಲೆಕ್ಕವೂ ತೆರೆದುಕೊಳ್ಳುವದು. ಕಲ್ಲಿನಲ್ಲಿ ವಸ್ತು ಉಳಿದು ನಡೆ ಹೋಯಿತು. ಪಟದಲ್ಲಿ ನಡೆಯೇ ಇತ್ತು, ಆದರೆ ಅದನ್ನು ಹೊತ್ತ ವಸ್ತು ಹೋದದ್ದರಿಂದ ನಡೆಯೂ ಹೋಯಿತು. ಒಂದು ಬಾಳುವದು, ಮಾತಾಡದು. ಇನ್ನೊಂದು ಮಾತಾಡುವದು, ಬಾಳದು. ‘ಘಟಶ್ರಾದ್ಧ’ವು ಈ ವಿಷಯದಲ್ಲಿ ಪುಣ್ಯ ಮಾಡಿದ ಕೃತಿ. ಅದರ ಮೂಲ ನೆಗೆಟಿವ್ ಪುಣೆಯ ಭಾಂಡಾರದಲ್ಲಿ ಉಳಿದದ್ದರಿಂದ ಅದನ್ನು ಚಿತ್ರಚಿತ್ರವಾಗಿ ತೊಳೆದು ಸರಿಪಡಿಸಿ, ೨೦೨೪ರಲ್ಲಿ ಇಟಲಿಯ ವೆನಿಸ್ಸಿನ ಚಿತ್ರೋತ್ಸವದಲ್ಲಿ ಮತ್ತೆ ತೋರಿಸಿದರು. ಎಂದರೆ ಬೋಲಪಟವು ಬಾಳಬೇಕಾದರೆ ಅದಕ್ಕೂ ಒಂದು ಅಜಾಯಬಖಾನೆ ಬೇಕು. ಅಜಾಯಬಖಾನೆಯು ಮಾತಾಡಬೇಕಾದರೆ ಅದರಲ್ಲಿಯೂ ಒಂದು ಬೋಲಪಟದ ಗುಣ ಬೇಕು. ಇವು ಒಂದಕ್ಕೊಂದು ಎದುರಾಳಿಗಳಲ್ಲ. ಒಂದು ಕಣ್ಣಿನ ಎರಡು ರೆಪ್ಪೆಗಳು.

೫

ಪಟ್ಟಣದಲ್ಲಿ ಕಲಿತ ಈ ಪಾಠವನ್ನು ನಮ್ಮ ಮನೆಯಂಗಳಕ್ಕೆ ತಂದು ನೋಡದಿದ್ದರೆ ಈ ಬರಹವು ಪ್ರವಾಸದ ಹರಟೆಯಾದೀತು. ಜೇವರ್ಗಿಯಿಂದ ಭೀಮೆಯ ಹರಿವನ್ನೇ ಹಿಡಿದು ಕೆಳಗೆ ಹೋದರೆ ಚಿತ್ತಾಪುರ ತಾಲೂಕಿನ ಸನ್ನತಿ ಸಿಗುವದು. ಅಲ್ಲಿಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಡು ೧೯೮೬ರಲ್ಲಿ ಕುಸಿಯಿತು. ತೆರವು ಮಾಡುವಾಗ ದೇವಿಯ ಪೀಠಕ್ಕೆ ಆಧಾರವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದುಬಂದಿತು. ಹತ್ತಿರದ ಕನಗನಹಳ್ಳಿಯಲ್ಲಿ ೧೯೯೪ರಿಂದ ಮುಂದೆ ನಡೆದ ಅಗೆತದಲ್ಲಿ ಒಂದು ಮಹಾಸ್ತೂಪದ ಅವಶೇಷಗಳೂ, ರಾಣಿ ಪರಿವಾರಗಳೊಡನೆ ನಿಂತ ಅರಸನ ಶಿಲ್ಪವೂ, ಅದರ ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂಬ ಬರಹವೂ ದೊರೆತವು. ಜಗತ್ತಿಗೆಲ್ಲ ಗೊತ್ತಿರುವ ಅಶೋಕನಿಗೆ ಹೆಸರು ಸಹಿತ ರೂಪ ಸಿಕ್ಕದ್ದು ನಮ್ಮ ಭೀಮೆಯ ದಂಡೆಯಲ್ಲಿ. ಹೈದರಾಬಾದಿನ ರೆಬೆಕಾಳನ್ನು ನೋಡಿ ಬಂದ ನಮ್ಮ ಕಡೆಯ ಸುಶಿಕ್ಷಿತರಲ್ಲಿ ಎಷ್ಟು ಜನರು ಕನಗನಹಳ್ಳಿಗೆ ಹೋಗಿದ್ದಾರೆ? ಈ ಪ್ರಶ್ನೆಯನ್ನು ನಾನು ಮೊದಲು ನನಗೇ ಹಾಕಿಕೊಂಡೆ. ನಾನು ಹೋದದ್ದು ಬೆಂಗಳೂರಿನಿಂದ ಮರಳಿದ ಮೇಲೆ.

ಸನ್ನತಿಯ ಕಲ್ಲು ನಮ್ಮ ವಾದವನ್ನು ಇನ್ನಷ್ಟು ತೊಡಕು ಮಾಡುವದು. ಅದು ಉಳಿದದ್ದು ಪೂಜೆಯ ಕೆಳಗೆ ಹುಗಿದದ್ದರಿಂದ. ಅದರ ನಡುವಿನ ಅಕ್ಷರಗಳು ಹೋದದ್ದೂ ಅದೇ ಕಾರಣದಿಂದ, ಮೂರ್ತಿಯನ್ನು ಕೂಡಿಸಲಿಕ್ಕೆ ಕೊರೆದ ಕುಣಿಯಿಂದ. ಆದುದರಿಂದ ‘ವಸ್ತುವು ತನ್ನ ನೆಲದಲ್ಲಿದ್ದರೆ ಕ್ಷೇಮ’ ಎಂಬದು ಪೂರ್ತಿ ನಿಜವಲ್ಲ. ‘ಪಟ್ಟಣಕ್ಕೆ ಒಯ್ದರೆ ಕ್ಷೇಮ’ ಎಂಬದೂ ಪೂರ್ತಿ ನಿಜವಲ್ಲ.

ಇದನ್ನು ಬರಿಯ ತತ್ತ್ವವಾಗಿ ನಾನು ಬರೆಯುತ್ತಿಲ್ಲ. ಅಫಜಲಪುರ ತಾಲೂಕಿನ ನಮ್ಮೂರಿನ ಅಗಸೆಯ ಹೊರಗೆ ಒಂದು ವೀರಗಲ್ಲು ಇದೆ. ಕೆಳಗೆ ತುರು ಕಾಯಲು ಬಿಲ್ಲು ಹಿಡಿದ ವೀರ, ನಡುವೆ ಅವನನ್ನೆತ್ತಿಕೊಂಡೊಯ್ಯುವ ದೇವಕನ್ಯೆಯರು, ಮೇಲೆ ಲಿಂಗದ ಸನ್ನಿಧಿ. ಎರಡು ಸಾಲು ಅಕ್ಷರಗಳಿದ್ದು, ಎಣ್ಣೆ ಕುಂಕುಮಗಳಲ್ಲಿ ಅರ್ಧ ಮುಚ್ಚಿವೆ. ಊರವರು ಅದಕ್ಕೆ ‘ಕಲ್ಲಮುತ್ಯಾ’ ಎನ್ನುವರು. ನನ್ನ ತಾಯಿ ಅಮಾವಾಸ್ಯೆಗೊಮ್ಮೆ ನೀರೆರೆದು ಬರುತ್ತಿದ್ದಳು. ಕೆಲವು ವರುಷಗಳ ಹಿಂದೆ ದಾರಿಯನ್ನು ಅಗಲ ಮಾಡುವಾಗ ಅದನ್ನು ಕಿತ್ತು ಬೇವಿನ ಗಿಡಕ್ಕೆ ಆನಿಸಿ ಬಿಟ್ಟರು. ಅದನ್ನು ಪಟ್ಟಣದ ಸಂಗ್ರಹಾಲಯಕ್ಕೆ ಸಾಗಿಸಬೇಕೆಂದು ಅರ್ಜಿ ಬರೆದವನು ನಾನೇ. ಹೆಣ್ಣುಮಕ್ಕಳು ಕೂಡಿ ಬಂದು, “ಮುತ್ಯಾನ್ನ ಊರಿಂದ ಹೊರಗ ಹಾಕ್ತೀಯೇನಪಾ?” ಎಂದು ಕೇಳಿದಾಗ ನಾನು ಅವರ ಅಜ್ಞಾನಕ್ಕೆ ಮನಸ್ಸಿನಲ್ಲಿಯೇ ನಕ್ಕಿದ್ದೆ. ಆತಕೂರಿನ ಕಲ್ಲಿನ ಮುಂದೆ ನಿಂತಾಗ ಆ ನಗೆ ನನಗೇ ಚುಚ್ಚಿತು. ನಾನು ಉಳಿಸಲು ಹೊರಟದ್ದು ಕಲ್ಲನ್ನು. ಅವರು ಉಳಿಸಿಕೊಳ್ಳಲು ಬಂದದ್ದು ಅದಕ್ಕೆ ನೀರೆರೆಯುವ ನಡೆಯನ್ನು. ಇಬ್ಬರೂ ಅರ್ಧ ಸರಿ. ಅಕ್ಷರಗಳನ್ನು ಮುಚ್ಚುವ ಎಣ್ಣೆ ಅವರ ಅರ್ಧ ತಪ್ಪು. ಕೇಳದೆ ಅರ್ಜಿ ಬರೆದದ್ದು ನನ್ನದು.

ಮರಳಿ ಬಂದು ಅರ್ಜಿಯನ್ನು ಹಿಂದೆಗೆದುಕೊಂಡೆ. ಹಿರಿಯರೊಡನೆ ಕೂಡಿ ಒಂದು ಏರ್ಪಾಡಿಗೆ ಬಂದಿದ್ದೇವೆ. ಕಲ್ಲು ಅಗಸೆಯಲ್ಲಿಯೇ ಕಟ್ಟೆಯ ಮೇಲೆ ನಿಲ್ಲುವದು, ಮೇಲೆ ನೆರಳು, ಅಕ್ಷರಗಳ ಪಡಿಯಚ್ಚನ್ನು ಬಲ್ಲವರಿಂದ ತೆಗೆಯಿಸುವದು, ಎಣ್ಣೆಯನ್ನು ಕಲ್ಲಿನ ಬುಡದಲ್ಲಿ ಎರೆಯುವದು, ಅಲ್ಲಿ ಏನು ಕೆತ್ತಿದೆಯೆಂಬದನ್ನು ಊರ ಶಾಲೆಯ ಮಕ್ಕಳಿಗೂ ತಿಳಿಯುವ ಕನ್ನಡದಲ್ಲಿ ಬರೆದು ನಿಲ್ಲಿಸುವದು. ಇನ್ನು ಚಿತ್ರಪಟದ ಪಾಠ. ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳು ಪುಸ್ತಕದಲ್ಲಿ ಅಚ್ಚಾಗಿವೆ. ಆದರೆ ಏಕತಾರಿ ಹಿಡಿದು ರಾತ್ರಿಯೆಲ್ಲ ಅವನ್ನು ಹ್ಯಾಗೆ ಹಾಡುವರು, ಎಲ್ಲಿ ನಿಲ್ಲಿಸಿ ಅರ್ಥ ಹೇಳುವರು ಎಂಬದು ಅಚ್ಚಿಗೆ ಬಾರದು. ಇಂದು ಪ್ರತಿ ಮನೆಯ ಕೈಯಲ್ಲಿ ಚಿತ್ರ ದನಿಗಳನ್ನು ಹಿಡಿಯುವ ಫೋನು ಇದೆ. ಹಿಡಿಯುವದು ಸುಲಭ, ಎಲ್ಲಿ, ಯಾವ ದಿನ, ಯಾರ ಪರಂಪರೆ ಎಂದು ಬರೆದು ಕಾದಿಡುವದು ಕಷ್ಟ. ಹೆಸರಿಲ್ಲದ ಪಟವು ಹೆಸರಿಲ್ಲದ ಕಲ್ಲಿನಂತೆಯೇ ಮೂಕ. ಕಾಯದ ಪಟವು ಸುಲೋಚನೆಯ ದಾರಿಯನ್ನೇ ಹಿಡಿಯುವದು.

ಹೊಸ ಪಟ್ಟಣಕ್ಕೆ ಹೋಗುವ ನಮ್ಮ ತರುಣರಿಗೆ ನಾನು ಹೇಳತಕ್ಕದ್ದು ಇಷ್ಟೇ. ಮುಂಜಾನೆ ಅಜಾಯಬಖಾನೆಯನ್ನು ನೋಡಿರಿ, ಸಂಜೆಗೆ ಬೋಲಪಟವನ್ನು ನೋಡಿರಿ. ಎರಡನ್ನೂ ಕಾವ್ಯದಂತೆ ತೂಗಿ ನೋಡಿರಿ. ಮೊದಲನೆಯದಕ್ಕೆ, ‘ನೀನು ಯಾವ ಊರಿಂದ ಬಂದೆ, ಅಲ್ಲಿ ನಿನ್ನ ಕೆಲಸವೇನಿತ್ತು?’ ಎಂದು ಕೇಳಿರಿ. ಎರಡನೆಯದಕ್ಕೆ, ‘ನೀನು ಯಾರ ಕಣ್ಣಿಂದ ನೋಡುತ್ತೀ, ನಾಳೆ ಎಲ್ಲಿರುವಿ?’ ಎಂದು ಕೇಳಿರಿ. ಉತ್ತರ ಕೊಡುವ ಮನೆಯನ್ನು ಹೊಗಳಿರಿ. ಕೊಡದ ಮನೆಯನ್ನು ಸೌಜನ್ಯದಿಂದ ಪೀಡಿಸಿರಿ. ಊರಿಗೆ ಬಂದಾಗ ಅಗಸೆಯ ಹತ್ತಿರ ಒಂದು ಗಳಿಗೆ ನಿಂತು ಬನ್ನಿರಿ. ಕಳೆದ ಬೇಸಿಗೆಯ ರಜೆಯಲ್ಲಿ ಬಂದ ನನ್ನ ಮೊಮ್ಮಗಳು ಕಲ್ಲಮುತ್ಯಾನ ಮುಂದೆ ನಿಂತು, “ಇವನೂ ಅಲ್ಲಿಗೆ ಹೋಗ್ತಾನೇನ್ ಮುತ್ಯಾ?” ಎಂದು ಕೇಳಿದಳು. ಇಲ್ಲ ಎಂದೆ. ಅವಳು ತಂಬಿಗೆಯ ನೀರನ್ನು ಬುಡಕ್ಕೆ ಎರೆದಳು. ಆಮೇಲೆ ನಾವು ಉಣ್ಣಲಿಕ್ಕೆ ಮನೆಗೆ ಬಂದೆವು.